ಪ್ರಶ್ನೆ ಹನ್ನೊಂದು, ಐದು ಅಂಕ

ಸೆಂಟ್ರಲ್ ಕಾಲೇಜಿನ ಹಳೆಯ ಹಾಲಿನಲ್ಲಿ
ಇಪ್ಪತ್ತು ಫ್ಯಾನು, ತಿರುಗುವುದು ಹದಿಮೂರು.
ನೆಲದಡಿ ಮೆಟ್ರೋ ಹಾದಾಗಲೆಲ್ಲ
ಕಟ್ಟಿನ ಮೇಲಿಟ್ಟ ಕೆಂಪು ಪೆನ್ನು
ಒಂದಿಷ್ಟೇ ಉರುಳಿ ನಿಲ್ಲುತ್ತದೆ.

ಕೆರಿಬಿಯನ್ ದ್ವೀಪದ ಕವಿತೆ. ಪ್ರಶ್ನೆ ಹೀಗೆ:
ಬೇಟೆಯ ಸಂಪ್ರದಾಯದಲ್ಲಿ ಗಂಡು ಹೆಣ್ಣಿನ ಪಾತ್ರ ವಿವರಿಸಿ.
ಕೀ ಉತ್ತರ ಟೀ ಲೋಟದ ಕೆಳಗಿದೆ:
ತಂದೆ ಮಗನನ್ನು ಕಾಡಿಗೆ ಕರೆದೊಯ್ಯುತ್ತಾನೆ, ಎರಡು.
ತಾಯಿ ಒಲೆಗೆ ನೀರಿಟ್ಟು ಬಾಗಿಲಲ್ಲಿ ಕಾಯುತ್ತಾಳೆ, ಎರಡು.
ಉಪಸಂಹಾರಕ್ಕೆ ಒಂದು.

ನಲವತ್ತೆರಡು ಉತ್ತರಗಳಲ್ಲಿ ಅಪ್ಪ ಹೋದ, ಅವ್ವ ಕಾದಳು,
ಇಗುವಾನ ಸತ್ತೇ ಸತ್ತಿತು.
ನಾನೂ ಗೀಟೆಳೆದೆ, ಕೂಡಿದೆ, ಪುಟ ತಿರುವಿದೆ.

ನಲವತ್ತಮೂರನೆಯದು
ಮುರುಕು ಇಂಗ್ಲಿಷಿನಲ್ಲಿ ಹೊರಟು
ನಾಲ್ಕನೇ ಸಾಲಿಗೆ ಉಸಿರು ಸಾಲದೆ
ಕನ್ನಡಕ್ಕೆ ಇಳಿದಿತ್ತು:

"ಇಗುವಾನ ಅಂದರೆ ನಮ್ಮ ಉಡದ ಥರ ಇರಬೇಕು.
ನಮ್ಮಜ್ಜಿ ಸಾವಂದಮ್ಮ ಹಿಡಿಯೋಳು, ತುರಹಳ್ಳಿ ಗುಡ್ಡದಲ್ಲಿ.
ಈಗ ಹಿಡಿದರೆ ಜೈಲು, ಗೊತ್ತು. ಇದು ಆಗಿನ ಮಾತು.
ಬಂಡೆ ಸಂದಿಯಲ್ಲಿ ಉಡ ಪಟ್ಟು ಹಾಕಿದರೆ
ಎಳೆದೋರ ತೋಳು ಬರುತ್ತೆ, ಉಡ ಬರಲ್ಲ.
ಗಂಡಸರು ಎಳೆಯೋರು.
ಅಜ್ಜಿ ಹೊಟ್ಟೆ ಕೆಳಗೆ ಹುಲ್ಲುಕಡ್ಡಿ ಆಡಿಸೋಳು,
ಕಚಗುಳಿಗೆ ನಕ್ಕ ಮಗು ಥರ ಪಟ್ಟು ಬಿಡ್ತಿತ್ತಂತೆ.
ಆದರೂ ಅವಳು ಬಲೆ ದಾಟುವಂತಿಲ್ಲ,
ಹೊರಗಾದಾಗ ಭರ್ಜಿಯ ನೆರಳೂ ತಾಕುವಂತಿಲ್ಲ.
ಹಟ್ಟಿ ಹತ್ತಿರ ಬಂದಾಗ ಚೀಲ ತಾತನ ಹೆಗಲಿಗೆ.
ಹಿಡಿದವನಿಗೆ ತಲೆ. ನಾಯಿಗೊಂದು ಪಾಲು.
ಬಸುರಿ ಹೊಟ್ಟೆಯ ಕೂಸಿಗೂ ಒಂದು ಪಾಲು,
ಗಂಡಾದರೂ ಆಗಬಹುದಲ್ಲ.
ಅಜ್ಜಿಗೆ ಸಾರು.
ಆ ದ್ವೀಪದ ಅವ್ವ ಬಾಗಿಲಲ್ಲಿ ಕಾಯ್ತಿರೋದು
ಗಂಡನಿಗೋ ಪಾಲಿಗೋ, ಕವಿ ಹೇಳಿಲ್ಲ."

ಉಪಸಂಹಾರವಿಲ್ಲ. ಜಾಗ ಮುಗಿದಿದೆ.

ನಮ್ಮಪ್ಪನ ಕಾಡು
ಯಶವಂತಪುರದ ಮಟನ್ ಅಂಗಡಿಯ ಸಾಲು.
ಭಾನುವಾರ ಆರಕ್ಕೇ ಹೋಗಿ,
ಇದೇ ತೊಡೆ ಬೇಕು ಅಂತ ಜಗಳವಾಡಿ,
ಕಪ್ಪು ಕವರು ಬೀಸುತ್ತ ಬರುವಾಗ ಏನು ಗತ್ತು,
ಗೇಟಿನಿಂದಲೇ ಕೂಗು: ನೀರಿಟ್ಯೇನೇ?
ಅಮ್ಮ ಒಂಬತ್ತಕ್ಕೆ ಮಸಾಲೆ ರುಬ್ಬಿ, ಒಂದಕ್ಕೆ ಬಡಿಸಿ,
ಮೂರು ಗಂಟೆಗೆ ತಪ್ಪಲೆಯ ತಳ ಬಳಿದು ಮುದ್ದೆ ನುಂಗುತ್ತ
ತುಂಡು ನಂಗೆ ಸೇರಲ್ಲ, ಸಾರೇ ರುಚಿ, ಅನ್ನುತ್ತಿದ್ದಳು.
ನಂಬಿದ್ದೆ.
ಅಪ್ಪ ತೀರಿದ ವರ್ಷದೂಡು ಮುಗಿದ ಭಾನುವಾರ
ತಾನೇ ಆಟೋದಲ್ಲಿ ಹೋಗಿ
ಅರ್ಧ ಕೆಜಿ ಲಿವರ್ ತಂದು, ಮೆಣಸು ಹಾಕಿ ಹುರಿದು,
ನನ್ನನ್ನೂ ಕರೆಯದೆ ಒಬ್ಬಳೇ ಉಂಡಳು.

"ಕೀಯಲ್ಲಿ ಇಲ್ಲದ್ದಕ್ಕೆ ಸೊನ್ನೆ ಮೇಡಂ,"
ಪಕ್ಕದ ಮೇಜಿನ ಫಾಲಾಕ್ಷಯ್ಯ ಇಣುಕಿ ನೋಡಿ ಅಂದರು,
"ಈ ಹುಡುಗ ಕತೆ ಹೊಡೆದಿದ್ದಾನೆ."

ಹುಡುಗನೇ?
ನಾನು ಹುಡುಗಿ ಅಂತಲೇ ಓದಿದ್ದೆ, ಮೊದಲ ಸಾಲಿನಿಂದ.
ಮುಖಪುಟಕ್ಕೆ ತಿರುವಿದೆ. ಹೆಸರಿಲ್ಲ, ಊರಿಲ್ಲ,
ಬಾರ್‌ಕೋಡಿನ ಕರಿಗೀಟು, ಬಲೆಯ ನೂಲಿನಷ್ಟು ಒತ್ತೊತ್ತು.

ನಾಲ್ಕು ಕೊಟ್ಟೆ.
ಐದಕ್ಕೆ ಯಾಕೆ ಕೈ ಬರಲಿಲ್ಲವೋ.

ಸಂಜೆ ಕಟ್ಟು ಒಪ್ಪಿಸುವ ಹೊತ್ತಿಗೆ
ಎಲ್ಲವೂ ಕೈಬಿಟ್ಟವು, ನಲವತ್ತಮೂರು ಬಿಡಲಿಲ್ಲ.
ಎಳೆಯಲಿಲ್ಲ ನಾನು.
ಮತ್ತೆ ಕೂತು, ಪೆನ್ನಿನ ಮುಚ್ಚಳ ತೆಗೆದು,
ನಾಲ್ಕನ್ನು ಹೊಡೆದು ಐದು ಬರೆದೆ.
ತಿದ್ದಿದ ಕಡೆ ಸಹಿ ಇರಬೇಕು, ನಿಯಮ.
ಹಾಕಿದೆ, ಪೂರ್ತಿ ಹೆಸರು.