ಬಾಕಿ

ಬಜಾರ್ ಗೇಟ್ ಬೀದಿ, ನಮ್ಮ ಹೋಟೆಲಿನ ಉದ್ದರಿ ಪುಸ್ತಕ,
ಹದಿನೇಳನೆಯ ಪುಟ:
ಪ್ರೋಸರ್ ಸಾಹೇಬ, ಪಿಯಾನೊ ಮೇಷ್ಟ್ರು.
ನಲವತ್ತೊಂದು ರೂಪಾಯಿ ಆರಾಣೆ.
ಧಣಿಗಳು ಹೊಡೆದು ಹಾಕಲಿಲ್ಲ, ಕೇಳಲೂ ಇಲ್ಲ.

ನನಗಾಗ ಹದಿನಾಲ್ಕು. ಹಗಲು ಲೋಟ, ರಾತ್ರಿ ಶಾಲೆ.
ಮೂರು ಗಂಟೆಗೆ ಬರುತ್ತಿದ್ದ, ಗಿರಾಕಿ ಇಲ್ಲದ ಹೊತ್ತು,
ಕಂಕುಳಲ್ಲಿ ಛತ್ರಿ, ತೋಳಿನಂಚು ಸವೆದ ಕೋಟು.
ಬಿಲ್ಲಿನ ಬೆನ್ನಿಗೆ ಐದು ಗೆರೆ ಎಳೆದು
ಒಗ್ಗರಣೆ ಸಿಡಿದ ಹಾಗೆ
ಸಾಸಿವೆಕಾಳು ಹಾರಿಸುತ್ತಿದ್ದ.

"ನೀವು ಇಂಗ್ಲಿಷರಾ?" ಎಂದೆ ಒಮ್ಮೆ.
ಲೋಟ ಕೆಳಗಿಟ್ಟ. "ಅಲ್ಲ. ಅವರ ಪಕ್ಕದ ಮನೆ."
ವೇಲ್ಸ್ ಅಂತೆ. ಊರ ತುಂಬ ಸ್ಲೇಟಿನ ಗಣಿ.
ನನ್ನ ರಾತ್ರಿ ಶಾಲೆಯ ಸ್ಲೇಟನ್ನು
ಮೂಗಿಗೆ ಹಿಡಿದು ಮೂಸಿ
"ಅಪ್ಪ" ಎಂದ.

ಆ ಊರ ಹೆಸರಿನ ಮೊದಲ ಅಕ್ಷರ
ಇಡ್ಲಿ ಅಟ್ಟದ ಮುಚ್ಚಳದ ಸಂದಿಯಿಂದ ಹಬೆ ನುಗ್ಗುವ ಸದ್ದು;
ನನಗೆ ಬರಲಿಲ್ಲ.
ಗೋಳಿಬಜೆಯ ಳ ಅವನಿಗೆ ಬರಲಿಲ್ಲ.
ಲೆಕ್ಕ ಚುಕ್ತಾ, ಎಂದು ನಕ್ಕ.

ಇಪ್ಪತ್ತೆರಡರಲ್ಲಿ ಕಟ್ಟಿದ್ದು ಒಂದು ಹಾಡು,
ತೊಟ್ಟಿಲಿಗೋ ಚಟ್ಟಕ್ಕೋ, ಎರಡಕ್ಕೂ ಹಾಡುತ್ತಾರಂತೆ ಅಲ್ಲಿ.
ಐದು ಪೌಂಡಿಗೆ ಮಾರಿ ಹಡಗಿನ ಟಿಕೆಟ್ಟು ಕೊಂಡ.
ಆಮೇಲೆ ನಾಡಿಗೆ ನಾಡೇ ಹಾಡಿತು;
ಅಚ್ಚಾದ ಹೆಸರು ಅಂಗಡಿಯವನದು.
ಇಲ್ಲಿ ಬೈಕಲಾದ ಹುಡುಗಿಯರ ಶಾಲೆ, ಭಾನುವಾರ ಇಗರ್ಜಿ,
ಶನಿವಾರ ರಾತ್ರಿ ಬಂದರಿನ ಕಡೆ ಕುಣಿಯುವವರಿಗೆ.
ದಾರೂಬಂದಿ ಬಂತು, ಕುಣಿತ ನಿಂತಿತು.
ಬಿಳಿಯರೆಲ್ಲ ಹಡಗು ಹತ್ತಿದರು.
ನೀವೇಕೆ ಹೋಗಲಿಲ್ಲ ಎಂದು ಧಣಿಗಳು ಕೇಳಿದರೆ
ಚಟ್ನಿಯ ಬಟ್ಟಲು ತೋರಿಸಿದ.

ಒಂದು ಜುಲೈ, ಮೂರು ದಿನ ಮೇಜು ಖಾಲಿ.
ನಾಲ್ಕನೆಯ ದಿನ ಅವನ ಶಿಷ್ಯೆ ಒಬ್ಬಳು
ಛತ್ರಿಯನ್ನೂ ಒಂದು ಕಟ್ಟು ಬಿಲ್ಲನ್ನೂ ಗಲ್ಲಾದ ಮೇಲಿಟ್ಟು ಹೋದಳು.
ಶಿವಡಿಯಲ್ಲಿ ಮಣ್ಣು ಮಾಡಿದರಂತೆ.
ಛತ್ರಿ ಧಣಿಗಳಿಗೆ. ಬಿಲ್ಲು ನನ್ನ ಪೆಟ್ಟಿಗೆಗೆ.

ಎಣ್ಣೆಯ ಕಲೆ ಯಾವುದು, ಸ್ವರ ಯಾವುದು,
ಈಗ ನನಗೂ ತಿಳಿಯದು.
ಹೋದ ವಾರ ಮೊಮ್ಮಗಳು ಒಂದನ್ನು ಕೀಬೋರ್ಡಿಗೆ ಒರಗಿಸಿ
ಒಂಟಿ ಬೆರಳಲ್ಲಿ ಕುಟ್ಟಿದಳು.
ಮೂರು ಏರಿ, ಒಂದು ನಿಂತು, ಧೊಪ್ಪನೆ ಇಳಿದದ್ದು.
ಇನ್ನೊಮ್ಮೆ ಕುಟ್ಟು, ಎಂದೆ.
ಏರಿ, ನಿಂತು,

ಎರಡು ಸಾದಾಆಆ, ಒಂದು ಮಸಾಲೆ!

ನಾನು.
ಇನ್ನೂ ಒಡೆಯದ ಗಂಟಲು,
ಅಡುಗೆಮನೆಯ ಕಿಂಡಿಗೆ ಬಾಯಿಟ್ಟು.

"ಮುಂದೆ ಇನ್ನೂ ಇದೆ ಅಜ್ಜ, ಕಲೆಯಾಗಿದೆ,
ಓದಲಿಕ್ಕೆ ಆಗ್ತಾ ಇಲ್ಲ."

ಅದು ಸಾಂಬಾರು, ಎಂದೆ.