ಟ್ರಿಪ್ಪಿಗೆ ಆರು ನಿಮಿಷ

ಸ್ಟೇಟ್ ಬ್ಯಾಂಕಿನ ಬಸ್‌ಸ್ಟ್ಯಾಂಡಿಗೆ ಬೆನ್ನು ಕೊಟ್ಟು ನನ್ನ ಅಂಗಡಿ:
ಜೆರಾಕ್ಸು, ಲ್ಯಾಮಿನೇಶನ್ನು,
ಮೇ ತಿಂಗಳಲ್ಲಿ ಕಾಲೇಜಿನ ಫಾರಮ್ಮು.
ತುಂಬಿಸಿ ಕೊಟ್ಟರೆ ಮೂವತ್ತು ರೂಪಾಯಿ.
ಸಲಹೆ ಬಿಟ್ಟಿ, ಹಾಗಾಗಿ ಯಾರೂ ಕೇಳುವುದಿಲ್ಲ.

ಇವತ್ತು ಕೇಳಿದವ ಸಪಲ್ಯಣ್ಣ,
ಕುಳಾಯಿ ಬಸ್ಸಿನ ಕಂಡಕ್ಟರು.
ಖಾಕಿ ಕಾಲರಿನೊಳಗೆ ಒದ್ದೆ ಕರ್ಚೀಫು,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ಹತ್ತು, ಇಪ್ಪತ್ತು, ಐವತ್ತು.
ಹಿಂದೆ ಮಗಳು ಯಶ್ಮಿತಾ.
"ಅಕ್ಕ, ಟ್ರಿಪ್ಪಿಗೆ ಆರು ನಿಮಿಷ ಉಂಟು,
ತಡವಾದರೆ ಹಿಂದಿನ ಗಾಡಿಯವ ಜಗಳಕ್ಕೇ ಬರ್ತಾನೆ.
ಇವಳಿಗೆ ಕಂಪ್ಯೂಟರ್ ಕಲೀಬೇಕಂತೆ.
ಅದಕ್ಕೆ ಗಣಿತ ಎಷ್ಟು ಬೇಕು?"

ಎಷ್ಟು ಬೇಕು!
ಪುಳಿಮುಂಚಿಗೆ ಹುಳಿ ಎಷ್ಟು ಎಂದ ಹಾಗೆ.
ಮಾಡುವವರನ್ನು ಕೇಳಬೇಕು, ನನ್ನನ್ನಲ್ಲ.

ಫಾರಮ್ಮಿನಲ್ಲಿ ಎರಡು ಚೌಕ.
ಮೇಲೆ ಭೌತ, ರಸಾಯನ, ಗಣಿತ, ಕಂಪ್ಯೂಟರು.
ಕೆಳಗೆ ಅರ್ಥಶಾಸ್ತ್ರ, ವ್ಯವಹಾರ, ಲೆಕ್ಕಪತ್ರ, ಮತ್ತೆ ಕಂಪ್ಯೂಟರು.
"ಎರಡು ಬಸ್ಸಿಗೂ ಒಂದೇ ಬೋರ್ಡು," ಎಂದೆ,
"ಕೆಳಗಿನದು ಬಿಸಿಎಗೆ ಹೋಗ್ತದೆ,
ಇಂಜಿನಿಯರಿಂಗಿನಲ್ಲಿ ಸ್ಟಾಪ್ ಇಲ್ಲ."
ಅವನಿಗೆ ತಕ್ಷಣ ಅರ್ಥವಾಯಿತು.
"ಮೇಲಿನದು ಎಕ್ಸ್‌ಪ್ರೆಸ್ಸಾ?"
"ಅಲ್ಲ. ಅದೂ ಸರ್ವಿಸ್ಸೇ. ಏರು ಜಾಸ್ತಿ."

ಅಂಕಪಟ್ಟಿಯಲ್ಲಿ ಸಮಾಜ ತೊಂಬತ್ತೊಂದು,
ಗಣಿತ ಐವತ್ತೆರಡು.
"ನಾನು ಇಡೀ ಬಸ್ಸಿನ ಚಿಲ್ಲರೆ ಬಾಯಲ್ಲೇ ಮಾಡ್ತೇನೆ,
ಇವಳಿಗೆ ಎಲ್ಲಿಂದ ಬಂತು ಇದು?"
ಮಗಳು ಚಪ್ಪಲಿಯ ಬಾರು ನೋಡುತ್ತಿದ್ದಳು.

ನನಗೆ ಅರವತ್ತೆಂಟು ಬಂದಿತ್ತು.
ಕಾಲೇಜಿನ ಮೆಟ್ಟಿಲಲ್ಲಿ ನಿಂತು
ಗಣಿತ ಬೇಡ, ತಲೆಬಿಸಿ ಎಂದದ್ದು
ಅತ್ತಿಗೆಯೋ ನಾನೋ, ಈಗ ನೆನಪಿಲ್ಲ.
ಬೇಡ ಎನ್ನಲು ಒಂದು ನಿಮಿಷವೂ ಹಿಡಿಯಲಿಲ್ಲ.
ಆಮೇಲೆ ಅದು ಬೇಕಾದದ್ದು ಒಂದೇ ಸಲ,
ಬಲ್ಮಠದ ಸಂಜೆ ಕ್ಲಾಸಿನಲ್ಲಿ.
ಈ ಲೂಪು ಎಷ್ಟು ಸುತ್ತು ತಿರುಗುತ್ತದೆ ಎಂದು
ಮೇಷ್ಟ್ರು ಬೋರ್ಡಿಗೆ ತಿರುಗಿ
ಅಂಕಿಯ ಜಾಗದಲ್ಲಿ ಅಕ್ಷರ ಬರೆದರು.
ಎಲ್ಲರೂ ತಲೆಯಾಡಿಸಿದರು.
ನಾನೂ ಆಡಿಸಿದೆ.
ಇಪ್ಪತ್ತು ವರ್ಷದಿಂದ ಆಡಿಸುತ್ತಲೇ ಇದ್ದೇನೆ.

ಹೊರಗೆ ಡ್ರೈವರು ಹಾರ್ನ್ ಒತ್ತಿದ.

"ಅರ್ಧಗೋಳದ ಮೇಲೆ ಶಂಕು ಕೂರಿಸಿದ್ರಲ್ಲ,"
ಒಮ್ಮೆಲೇ ಅಂದಳು ಯಶ್ಮಿತಾ, ಯಾರಿಗೂ ಅಲ್ಲ ಎಂಬಂತೆ,
"ಆಟಿಕೆಯ ಲೆಕ್ಕ. ನಾನು ನಡುವಿನ ವೃತ್ತವನ್ನೂ ಕೂಡಿಸಿದ್ದೆ.
ಅದು ಹೊರಗೆ ಕಾಣುದಿಲ್ಲ. ಒಳಗೆ ಮುಚ್ಚಿಹೋಗ್ತದೆ.
ಕೂಳೂರು ಸಂಕದ ಮೇಲೆ ಬರುವಾಗ ಗೊತ್ತಾಯ್ತು."

ಪರೀಕ್ಷೆ ಮುಗಿದು ತಿಂಗಳು ಎರಡಾಗಿತ್ತು.

"ಈಗಲೂ ಮಾಡ್ತೀಯಾ ಅದನ್ನು?"
"ಬೇರೆ ಅಳತೆ ಹಾಕಿ ಮಾಡ್ತೇನೆ.
ಕೆಲವು ಸಲ ಬರ್ತದೆ."

ಸಪಲ್ಯಣ್ಣ ನೋಟುಗಳನ್ನು
ಬೆರಳಿಂದ ಬೆರಳಿಗೆ ಸುಮ್ಮನೆ ಬದಲಿಸಿದ.
ಇದೆಲ್ಲ ನಡೆದದ್ದು ಅವನದೇ ಬಸ್ಸಿನಲ್ಲಿ,
ಕಿಟಕಿಯ ಬದಿ, ಟಿಕೇಟಿಲ್ಲದ ಸೀಟಿನಲ್ಲಿ.

ನಾನು ಪೆನ್ನು ಬದಿಗಿಟ್ಟು ಪೆನ್ಸಿಲು ಕೊಟ್ಟೆ.
ಮೇಲಿನ ಚೌಕದಲ್ಲಿ ಅವಳು ಎಳೆದ ಗೆರೆ
ಊದಿದರೆ ಹಾರುವಷ್ಟು ತೆಳು.
"ಬೀಳ್ತಾಳಾ ಅಕ್ಕ?"
"ಬೀಳಬಹುದು."
"ಬಿದ್ರೆ?"
ಮತ್ತೆ ಹಾರ್ನು, ಈ ಸಲ ಉದ್ದಕ್ಕೆ.

ಐವತ್ತರ ನೋಟು ಮೇಜಿಗೆ ಬಿತ್ತು.
ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಜೀವಮಾನದಲ್ಲಿ ಮೊದಲ ಸಲ
ಒಬ್ಬ ಕಂಡಕ್ಟರಿಗೆ ನಾನು ಚೀಟಿಯ ಹಿಂದೆ
ಇಪ್ಪತ್ತು ಎಂದು ಬರೆದು ಕೊಟ್ಟೆ.
ಅವನು ನಗುತ್ತ ಓಡಿ ಫುಟ್‌ಬೋರ್ಡಿಗೆ ಹಾರಿದ,
ರೈಟ್, ರೈಟ್.

ಅವಳು ಉಳಿದಳು, ಫೋಟೊ ಅಂಟಿಸಲಿಕ್ಕೆ.
ಹಾಳಾದ ಜೆರಾಕ್ಸಿನ ಒಂದು ಹಾಳೆ,
ಯಾರದೋ ಆಧಾರಿನ ಅರ್ಧ ಮುಖ,
ಮಗುಚಿ ಅವಳ ಮುಂದಿಟ್ಟೆ. ಇನ್ನೂ ಬಿಸಿಯಿತ್ತು.
"ಆ ವೃತ್ತ ಎಲ್ಲಿ ಮುಚ್ಚಿಹೋಗ್ತದೆ ಮಾರಾಯ್ತಿ,
ನನಗೊಮ್ಮೆ ಬಿಡಿಸಿ ತೋರ್ಸು."