ಒಂದೆಳಿ ನೂಲು

ಬೋನು ಇಟ್ಟಾಂವ ನಾನ.
ಹಾಸಿನ ನೂಲು ಕಡದಿತ್ತು ಇಲಿ, ಎರಡು ಸೀರಿ ಹಾಳು.
ಮುಂಜಾನೆ ಬಾಲ ಹಿಡದು ಎತ್ತಿದಾಗ ಕಂಡೆ,
ಹೊಟ್ಟಿಮ್ಯಾಲ ಮೊಲಿತೊಟ್ಟು ಕೆಂಪಗಿದ್ದವು.

ಮಗ್ಗದ ಕುಣ್ಯಾಗ ಇಳದು ಹುಡುಕಿದೆ.
ನನ್ನ ನೂಲಿನದ ಗೂಡು,
ಒಳಗ ಆರು. ಕಣ್ಣಿಲ್ಲ, ಕೂದಲಿಲ್ಲ,
ಸಿಪ್ಪಿ ಬಿಡಿಸಿದ ಹಸಿ ಶೇಂಗಾದಷ್ಟು.

ಬಾಜೂ ಮನಿ ಮೈಮೂನಾ ಆಡಿನ ಹಾಲು ತಂದಳು.
“ನೀರು ಬೆರಸು, ದಪ್ಪ ಐತಿ” ಅಂದಳು,
ಬೋನಿನ ಸುದ್ದಿ ಎತ್ತಲಿಲ್ಲ.
ಫಿಲ್ಲರಿನ ಹಾಲು ಮೂಗಿಗೆ ಏರಿತು.
ಆಮ್ಯಾಲ ಒಂದೆಳಿ ನೂಲು ಅದ್ದಿ ಬಾಯಿಗೆ ಹಿಡದೆ,
ಚೀಪಿತು.
ನಲವತ್ತು ವರ್ಷ ನೇಯ್ದ ಕೈ ಇದು,
ಆ ಕಡಿಯಿಂದ ಯಾವ ನೂಲೂ
ಹಿಂಗ ಜಗ್ಗಿರಲಿಲ್ಲ.

ಎರಡು ತಾಸಿಗೊಮ್ಮೆ.
ಕುಡಿಸಿದ ಮ್ಯಾಲ ಹಸಿ ಅರಬೀಲೆ ಹೊಟ್ಟಿ ಒರಸಬೇಕು,
ಇಲ್ಲಾಂದ್ರ ಉಚ್ಚಿ ಹೊಯ್ಯಾಂಗಿಲ್ಲ.
ಮೂರನೇ ರಾತ್ರಿ ಎರಡು ಹೋದವು.

ಹದಿಮೂರನೇ ದಿನ ಒಂದರ ಕಣ್ಣು ಬಿರಿತು.
ಮೊದಲು ನೋಡಿದ್ದು ನನ್ನ.
ನಾ ಮಾರಿ ತಿರುವಿದೆ.

ಬೆಟಗೇರಿ ಓಣಿ ತುಂಬ ಮಗ್ಗದ ಸಪ್ಪಳ,
ನಂದೊಂದ ಸುಮ್ಮನ.
ಸಾವಕಾರನ ಫೋನು: ಸೀರಿ ಎಲ್ಲಿ?
“ಈಗಷ್ಟ ಮಲಗ್ಯಾವ್ರೀ” ಅಂದೆ.
“ಯಾರು?” ಅಂದ.